ಜ್ವರ ಬಿಟ್ಟ ದಿನದ ಗಂಡಾಂತರ

ಡೆಂಗಿ ಹಳೆಯ ಜ್ವರ. ಮೈಕೈಯೆಲ್ಲ ಮುರಿದ ಹಾಗೆ ನೋಯಿಸಿದರೂ ವಾರದೊಳಗೆ ಬಿಟ್ಟುಹೋಗುತ್ತದೆ, ಜೀವ ತೆಗೆಯುವುದು ಅಪರೂಪ ಎಂದೇ ವೈದ್ಯರು ನಂಬಿದ್ದರು. 1950ರ ದಶಕದಲ್ಲಿ ಮನಿಲಾದ ಮಕ್ಕಳು ಜ್ವರದಲ್ಲಿ ಮೈತುಂಬ ಕೆಂಪು ಚುಕ್ಕೆ ಎದ್ದು, ಮೂಗಿನಿಂದ ರಕ್ತ ಒಸರಿ, ಕೈಕಾಲು ತಣ್ಣಗಾಗಿ ಸಾಯತೊಡಗಿದಾಗ ಅದು ಹೊಸ ರೋಗದಂತೆ ಕಂಡಿತು. ಫಿಲಿಪೀನ್ ರಕ್ತಸ್ರಾವ ಜ್ವರ ಎಂಬ ಹೆಸರೂ ಬಿತ್ತು.

1956ರಲ್ಲಿ ಅಮೆರಿಕದ ವಿಲಿಯಂ ಹ್ಯಾಮನ್ ಅಲ್ಲಿಗೆ ಹೋಗಿ ರೋಗಿಗಳ ರಕ್ತದಿಂದ, ಸೊಳ್ಳೆಗಳಿಂದ ವೈರಸ್ ಬೇರ್ಪಡಿಸಿದರು. ಸಿಕ್ಕಿದ್ದು ಡೆಂಗಿಯೇ! ಅದುವರೆಗೆ ಗೊತ್ತಿದ್ದದ್ದು ಎರಡು ಬಗೆ. ಮನಿಲಾದಲ್ಲಿ ಮೂರನೆಯದೂ ನಾಲ್ಕನೆಯದೂ ಸಿಕ್ಕವು. 1958ರಲ್ಲಿ ಇದೇ ಪಿಡುಗು ಬ್ಯಾಂಕಾಕಿನ ಮಕ್ಕಳ ಮೇಲೆರಗಿತು.

ಹಳೆಯ ಜ್ವರ ಹೀಗೇಕೆ ಕೆರಳಿತು? ಬ್ಯಾಂಕಾಕಿನಲ್ಲಿ ಅಮೆರಿಕದ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ ಮಕ್ಕಳ ರಕ್ತ ಪರೀಕ್ಷಿಸಿದಾಗ, ತೀವ್ರವಾಗಿ ಬಳಲಿದ ಬಹುಪಾಲು ಮಕ್ಕಳಿಗೆ ಇದು ಎರಡನೇ ಸಲದ ಡೆಂಗಿ ಎಂದು ತಿಳಿಯಿತು. ಆದರೆ ವರ್ಷ ತುಂಬದ ಹಸುಗೂಸುಗಳೂ ಅವರ ನಡುವೆ ಇದ್ದವು. ಅವಕ್ಕೆ ಇದೇ ಮೊದಲು. ಮತ್ತೇಕೆ ಇಷ್ಟು ತೀವ್ರವಾಯಿತು? ಈ ಕತೆಯಲ್ಲಿ ನನ್ನನ್ನು ಹೆಚ್ಚು ಕಲಕುವುದು ಇದಕ್ಕೆ ಸಿಕ್ಕ ಉತ್ತರ. ಆ ಕೂಸುಗಳ ತಾಯಂದಿರಿಗೆ ಹಿಂದೆ ಡೆಂಗಿ ಆಗಿತ್ತು. ಗರ್ಭದಲ್ಲೇ ಮಗುವಿಗೆ ಹರಿದುಬಂದ ತಾಯಿಯ ಪ್ರತಿಕಾಯಗಳು ಮೊದಲ ಕೆಲವು ತಿಂಗಳು ಕಾಯುತ್ತವೆ. ಆಮೇಲೆ ಅವು ಕ್ಷೀಣಿಸಿ, ವೈರಸ್ಸನ್ನು ಕೊಲ್ಲಲಾರದೆ, ಅದಕ್ಕೆ ಅಂಟಿಕೊಂಡು ಬಿಳಿರಕ್ತಕಣದೊಳಕ್ಕೆ ಕರೆದೊಯ್ಯುತ್ತವೆ. ವೈರಸ್ ಅಲ್ಲೇ ಬೆಳೆಯುತ್ತದೆ. ಬೇರೆ ಬಗೆಯ ಡೆಂಗಿ ಎರಡನೇ ಸಲ ತಗುಲಿದಾಗ ಹಳೆಯ ಪ್ರತಿಕಾಯಗಳು ಮಾಡುವುದೂ ಇದನ್ನೇ.

ಕಾರಣ ತಿಳಿದ ಮಾತ್ರಕ್ಕೆ ಮಗು ಉಳಿಯಲಿಲ್ಲ. ಉಳಿಸುವ ದಾರಿ ತೋರಿದವರಲ್ಲಿ ಬ್ಯಾಂಕಾಕಿನ ಮಕ್ಕಳ ಆಸ್ಪತ್ರೆಯ ವೈದ್ಯೆ ಸುಚಿತ್ರಾ ನಿಮ್ಮಾನಿತ್ಯ ಪ್ರಮುಖರು. ಗಂಡಾಂತರ ಬರುವುದು ಜ್ವರ ಏರಿದಾಗಲ್ಲ, ಇಳಿಯುವಾಗ. ಆಗ ರಕ್ತನಾಳಗಳಿಂದ ಪ್ಲಾಸ್ಮಾ ಸೋರಿ ರಕ್ತ ಗಟ್ಟಿಯಾಗುತ್ತದೆ. ಮಳೆಗಾಲ ಬಂತೆಂದರೆ ನಮ್ಮ ಆಸ್ಪತ್ರೆಗಳಲ್ಲಿ ‘ಪ್ಲೇಟ್‌ಲೆಟ್ ಎಷ್ಟಿದೆ ಡಾಕ್ಟ್ರೇ?’ ಎಂಬುದೇ ಅಪ್ಪ-ಅಮ್ಮಂದಿರ ಪ್ರಶ್ನೆ. ಸುಚಿತ್ರಾ ಅದರ ಜೊತೆಗೇ, ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ತೋರಿಸುವ, ನಮ್ಮ ಲ್ಯಾಬ್ ರಿಪೋರ್ಟುಗಳಲ್ಲಿ ಪಿಸಿವಿ ಎಂದು ಬರೆದಿರುವ ಅಂಕಿಯನ್ನೂ ನೋಡುತ್ತಿದ್ದರು. ಪ್ಲೇಟ್‌ಲೆಟ್ 1,00,000ಕ್ಕಿಂತ ಕೆಳಗಿಳಿದು, ಪಿಸಿವಿ ಇದ್ದುದಕ್ಕಿಂತ ಶೇ. 20ರಷ್ಟು ಏರಿತೆಂದರೆ ಸೋರಿಕೆ ನಡೆದಿದೆ ಎಂದೇ ಅರ್ಥ. ಅದು ಒಂದೆರಡು ದಿನದ ಮಾತು, ಆಮೇಲೆ ತಾನೇ ನಿಲ್ಲುತ್ತದೆ. ಅಷ್ಟು ಹೊತ್ತು ಹೆಚ್ಚೂ ಆಗದಂತೆ, ಕಡಿಮೆಯೂ ಆಗದಂತೆ ಅಳೆದು ಡ್ರಿಪ್ ಕೊಟ್ಟರೆ, ಮಗು ಎದ್ದು ಕೂತು ಹಸಿವು ಅನ್ನುತ್ತದೆ.