ಡ್ಯೂಟಿ ವಾಪಸ್ ಬಂತು, ಸಂಬಳ ಎಲ್ಲಿ?

ನಾಯಂಡಹಳ್ಳಿ ಮೆಟ್ರೋ ಸ್ಟೇಷನ್ ಹತ್ರ ಬಾಡಿಗೆ ಮನೇಲಿರೋ ಒಬ್ಬ ಕಾನ್‌ಸ್ಟೇಬಲ್ ಅಂತ ಇಟ್ಕೊಳ್ಳಿ. ಅಮಾನತು ತೆರವಾಯ್ತು, ಮತ್ತೆ ಖಾಕಿ ಹಾಕಿದ್ರು. ಆದ್ರೆ ಮನೇಲಿ ಕೂತ ತಿಂಗಳುಗಳ ಬಾಕಿ ಸಂಬಳ ಮಾತ್ರ ಬಂದಿಲ್ಲ. ಯಾಕೆ?

ಅಮಾನತಿನಲ್ಲಿದ್ದಾಗ ಸಿಗೋದು ಜೀವನಾಧಾರ ಭತ್ಯೆ. ಶುರುವಿನಲ್ಲಿ ಹೆಚ್ಚುಕಮ್ಮಿ ಅರ್ಧ ಸಂಬಳ. ಮನೆ ಬಾಡಿಗೆ, ಸ್ಕೂಲ್ ಫೀಸು ಏನೂ ಅರ್ಧ ಆಗಲ್ಲ ನೋಡಿ!

ಉಳಿದಿದ್ದು ತಾನಾಗೇ ಬರಲ್ಲ. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 99ನೇ ನಿಯಮದ ಪ್ರಕಾರ, ಅಮಾನತಿನ ಅವಧಿ ಕರ್ತವ್ಯವೋ ಅಲ್ಲವೋ, ಸಂಬಳ ಎಷ್ಟು ಅಂತ ಮೇಲಧಿಕಾರಿ ಸ್ಪಷ್ಟ ಆದೇಶ ಮಾಡಬೇಕು. ಆದೇಶ ಇಲ್ಲದೆ ಬಿಲ್ ಇಲ್ಲ. ಇಲಾಖಾ ವಿಚಾರಣೆ ಮುಗಿದಿಲ್ಲ ಅಂದ್ರೆ ಫೈಲು ಅಲ್ಲೇ ಕೂತಿರುತ್ತೆ.

ಒಂದು ಉದಾಹರಣೆ ನೋಡಿ. 2025ರ ಜೂನ್ 4, ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಕಾಲ್ತುಳಿತ. 11 ಸಾವು. ಅದರ ಹಿಂದೆಯೇ ಅಮಾನತಾದ ಐಪಿಎಸ್ ಅಧಿಕಾರಿ ವಿಕಾಸ್ ಕುಮಾರ್ ವಿಕಾಸ್ ಕೇಂದ್ರೀಯ ಆಡಳಿತ ನ್ಯಾಯಮಂಡಳಿ (ಸಿಎಟಿ) ಮೆಟ್ಟಿಲೇರಿದ್ರು. ಜುಲೈ 1ಕ್ಕೇ ತೀರ್ಪು: ಅಮಾನತು ರದ್ದು, ಆ ಅವಧಿ ಕರ್ತವ್ಯವೇ, ಪೂರ್ತಿ ಸಂಬಳ, ಭತ್ಯೆ ಸಮೇತ. ಸರ್ಕಾರ ಹೈಕೋರ್ಟ್‌ಗೆ ಹೋಯ್ತು.

ಎಲ್ಲರಿಗೂ ಇಷ್ಟು ಬೇಗ ಆಗಲ್ಲ ಬಿಡಿ. ಕಾನ್‌ಸ್ಟೇಬಲ್ ಹೋಗಬೇಕಾದ್ದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ (ಕೆಎಸ್‌ಎಟಿ). ಅದಕ್ಕೂ ಮೊದಲು, 99ನೇ ನಿಯಮದಡಿ ಆದೇಶ ಮಾಡಿ ಅಂತ ಲಿಖಿತ ಅರ್ಜಿ ಕೊಡಿ. ಸೀಲು, ತಾರೀಖು ಬಿದ್ದ ನಕಲು ಕೈಲಿರಲಿ.