ಬಳ್ಳಾರಿ ರಸ್ತೆಯ ಆ ತುದಿ

ಯಲಹಂಕದ ಮಗ್ಗುಲಲ್ಲಿ ಹಾದುಹೋಗುವ ಹೆದ್ದಾರಿಗೆ ಬಳ್ಳಾರಿ ರಸ್ತೆಯೆಂಬ ಹೆಸರು ಬಂದು ಎಷ್ಟೋ ಕಾಲವಾಯಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಜನರ ಬಾಯಲ್ಲಿ ಅದು ಏರ್‌ಪೋರ್ಟ್ ರಸ್ತೆಯಾಗಿ ಮಾರ್ಪಟ್ಟಿದೆ. ನಿತ್ಯವೂ ಈ ಹಾದಿಯಲ್ಲಿ ಓಡಾಡುವ ಸಹಸ್ರಾರು ಮಂದಿಯಲ್ಲಿ, ಬಳ್ಳಾರಿಯನ್ನು ಮುಟ್ಟುವುದಕ್ಕೆ ಮುನ್ನ ಎಂತಹ ನಾಡನ್ನು ಹಾಯಬೇಕಾಗುತ್ತದೆಂದು ಯೋಚಿಸಿದವರು ವಿರಳ. ಮರಳುಗಾಡನ್ನು ಕಾಣಬೇಕಾದರೆ ರಾಜಸ್ಥಾನಕ್ಕೇ ಹೋಗಬೇಕೆಂಬುದು ಸಾಮಾನ್ಯ ನಂಬಿಕೆ. ಆದರೆ ಯಲಹಂಕದಿಂದ ಒಂದು ಹಗಲಿನ ಪ್ರಯಾಣದಷ್ಟು ದೂರದಲ್ಲಿ, ಕನ್ನಡದ ಗಡಿಯಂಚಿನಲ್ಲಿ, ಮರಳಿನ ದಿಬ್ಬಗಳು ಹೊಲಗಳ ಮೇಲೆ ಹರಿದುಬರುತ್ತಿವೆ. ಆ ಹಾದಿಯ ಪರಿಚಯವೇ ಈ ಲೇಖನದ ಉದ್ದೇಶ.

ಮಳೆಯ ನೆರಳಿನ ನಾಡು

ಕೆಂಪೇಗೌಡರ ವಂಶದ ಮೊದಲ ನೆಲೆಯಾದ ಯಲಹಂಕವನ್ನು ಬಿಟ್ಟು ಉತ್ತರಕ್ಕೆ ಹೊರಟರೆ, 1996ರಿಂದ ವಿಮಾನ ಪ್ರದರ್ಶನಕ್ಕೆ ಹೆಸರಾದ ವಾಯುನೆಲೆ ಮೊದಲು ಎದುರಾಗುತ್ತದೆ. ಬಳಿಕ ಟೀಪೂ ಸುಲ್ತಾನನ ಜನ್ಮಸ್ಥಳವಾದ ದೇವನಹಳ್ಳಿಯ ಕೋಟೆ. ಅದನ್ನು ದಾಟಿದೊಡನೆ ಎಡಗಡೆ ನಂದಿಯ ಬೆಟ್ಟಸಾಲು ಮೈದೋರುತ್ತದೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ ಇವೆಲ್ಲವೂ ಈ ಗಿರಿಗಳ ಆಸುಪಾಸಿನಲ್ಲಿಯೇ ಹುಟ್ಟುವ ನದಿಗಳು. ಇಷ್ಟು ನದಿಗಳ ತವರಾಗಿಯೂ ಈ ಸೀಮೆ ನೀರಿಗಾಗಿ ಹಂಬಲಿಸುತ್ತಿರುವುದು ಪ್ರಕೃತಿಯ ವೈಚಿತ್ರ್ಯ.

ಇದರ ಕಾರಣ ತಿಳಿಯುವುದು ಕಷ್ಟವಲ್ಲ. ನೈಋತ್ಯದ ಮುಂಗಾರು ತನ್ನ ಸಂಪತ್ತನ್ನೆಲ್ಲ ಪಶ್ಚಿಮ ಘಟ್ಟದ ಮೇಲೆ ಸುರಿದು ಬರಿಗೈಯಲ್ಲಿ ಇತ್ತ ಬರುತ್ತದೆ. ಈಶಾನ್ಯದ ಹಿಂಗಾರು ಪೂರ್ವ ಕರಾವಳಿಯನ್ನು ತಣಿಸಿ ಇಲ್ಲಿಗೆ ತಲಪುವ ವೇಳೆಗೆ ಸೊರಗಿರುತ್ತದೆ. ಎರಡು ಮಳೆಗಳ ನಡುವೆ ಸಿಕ್ಕ ಅನಂತಪುರದ ಸೀಮೆಗೆ ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್ ಮಳೆ ದೊರೆತರೆ ಅದೇ ಭಾಗ್ಯ. ಬಾಗೇಪಲ್ಲಿಯನ್ನು ದಾಟುತ್ತಿದ್ದಂತೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ತೆಂಗು ಮಾವುಗಳು ಹಿಂದೆ ಸರಿದು, ಬೋಳು ಗುಡ್ಡಗಳೂ ಕೆಮ್ಮಣ್ಣಿನ ಮೇಲೆ ಚೆದುರಿದ ಬಂಡೆಗಳೂ ಜಾಲಿಯ ಮೆಳೆಗಳೂ ನೆಲಗಡಲೆಯ ಹೊಲಗಳೂ ಮುಂದೆ ಬರುತ್ತವೆ.

ಲೇಪಾಕ್ಷಿ, ಪೆನುಗೊಂಡೆ

ಆಂಧ್ರದ ಗಡಿಯನ್ನು ಹೊಕ್ಕು, ಹೆದ್ದಾರಿಯಿಂದ ಪಶ್ಚಿಮಕ್ಕೆ ಹೊರಳಿದರೆ ಲೇಪಾಕ್ಷಿ ಸಿಗುತ್ತದೆ. ಊರ ಬಾಗಿಲಲ್ಲಿಯೇ ಒಂದೇ ಬಂಡೆಯಿಂದ ಕಡೆದ ಬೃಹತ್ ನಂದಿ ಮಲಗಿದೆ. ಅದರ ಉದ್ದ ಸುಮಾರು 27 ಅಡಿ, ಎತ್ತರ ಸುಮಾರು 15 ಅಡಿ. ಕೊರಳಿನ ಹಾರದ ಒಂದೊಂದು ಗಂಟೆಯನ್ನೂ ಶಿಲ್ಪಿ ಬೇಸರಿಸದೆ ಕೆತ್ತಿದ್ದಾನೆ. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಸೋದರರು ಕಟ್ಟಿಸಿದ ವೀರಭದ್ರನ ಗುಡಿಯಲ್ಲಿ ಛಾವಣಿಯ ಚಿತ್ರಗಳು ಇಂದಿಗೂ ಬಣ್ಣ ಉಳಿಸಿಕೊಂಡಿವೆ. ಗೋಡೆಗಳ ಮೇಲೆ ಕನ್ನಡ ಶಾಸನಗಳಿವೆ. ನೆಲಕ್ಕೆ ಪೂರ್ತಿಯಾಗಿ ಊರದೆ ನಿಂತ ಕಂಬವೊಂದರ ಅಡಿಯಲ್ಲಿ ವಸ್ತ್ರವನ್ನು ತೂರಿಸಿ ನೋಡುವುದು ಮಕ್ಕಳಿಗೂ ಹಿರಿಯರಿಗೂ ಸಮಾನವಾದ ವಿನೋದ.

ಗುಡಿಯ ಹಿಂಬದಿಯ ಕಲ್ಯಾಣಮಂಟಪ ಅಪೂರ್ಣವಾಗಿಯೇ ನಿಂತಿದೆ. ಬೊಕ್ಕಸದ ಹಣವನ್ನು ಗುಡಿಗೆ ಸುರಿದನೆಂಬ ಆರೋಪ ಬಂದಾಗ, ವಿರೂಪಣ್ಣ ಅರಸನ ಶಿಕ್ಷೆಗೆ ಕಾಯದೆ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನೆಂದು ಜನ ಕಥೆ ಹೇಳುತ್ತಾರೆ. ಗೋಡೆಯ ಮೇಲಿನ ಎರಡು ಕೆಂಪು ಕಲೆಗಳನ್ನು ಅದಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ. ಕಥೆ ನಿಜವಿರಲಿ ಬಿಡಲಿ, ಬರದ ನಾಡಿನಲ್ಲಿ ಇಂತಹ ಕಟ್ಟಡವನ್ನೆಬ್ಬಿಸಲು ತೆತ್ತ ಬೆಲೆ ಸಣ್ಣದಾಗಿರಲಾರದೆಂಬ ಭಾವ ಅದರಲ್ಲಿ ಅಡಗಿದೆ.

ಅಲ್ಲಿಂದ ಉತ್ತರಕ್ಕೆ ಪೆನುಗೊಂಡೆ. 1565ರ ಯುದ್ಧದಲ್ಲಿ ಹಂಪೆ ಹಾಳಾದಾಗ ವಿಜಯನಗರದ ಅರಸೊತ್ತಿಗೆ ಆಶ್ರಯ ಪಡೆದದ್ದು ಈ ಗಿರಿದುರ್ಗದ ಮಡಿಲಿನಲ್ಲಿ. ಗಗನಮಹಲಿನ ಗೋಡೆಗಳೂ ಪಾರ್ಶ್ವನಾಥನ ಬಸದಿಯೂ ಬಾಬಯ್ಯನ ದರ್ಗಾವೂ ಇರುವ ಈ ಊರಿನ ಹತ್ತಿರ ಈಗ ಮೋಟಾರು ಕಾರುಗಳ ಕಾರ್ಖಾನೆಯೊಂದು ಎದ್ದಿದೆ.

ಬಿಸಿಲಿನ ಬೆಳೆ

ಪೆನುಗೊಂಡೆಯಿಂದ ಪಶ್ಚಿಮಕ್ಕೆ ಹೊರಳಿದ ಹಾದಿ ಪುನಃ ಕರ್ನಾಟಕವನ್ನು ಸೇರಿ ಪಾವಗಡಕ್ಕೆ ಬರುತ್ತದೆ. ಬಹುಪಾಲು ಆಂಧ್ರದಿಂದ ಸುತ್ತುವರಿದ ಈ ತಾಲ್ಲೂಕು ತುಮಕೂರು ಜಿಲ್ಲೆಗೆ ಸೇರಿದ್ದು. ಇಲ್ಲಿನ ಅಂತರ್ಜಲದಲ್ಲಿ ಫ್ಲೋರೈಡಿನ ದೋಷ, ಆಕಾಶದಲ್ಲಿ ಮೋಡಗಳ ಕೊರತೆ. ಧಾರಾಳವಾಗಿ ದೊರೆಯುವುದು ಬಿಸಿಲೊಂದೇ. ಆ ಬಿಸಿಲನ್ನೇ ಬೆಳೆಯಾಗಿ ಮಾಡಿಕೊಂಡ ಪ್ರಯೋಗ ತಿರುಮಣಿಯ ಸುತ್ತಿನ 5 ಗ್ರಾಮಗಳಲ್ಲಿ ನಡೆದಿದೆ. ಸುಮಾರು 13,000 ಎಕರೆಯಲ್ಲಿ ಹರಡಿದ ಸೌರ ವಿದ್ಯುತ್ ಕ್ಷೇತ್ರದ ಸಾಮರ್ಥ್ಯ 2,050 ಮೆಗಾವಾಟ್. ನೆಲವನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದಿರುವುದು ಇದರ ವೈಶಿಷ್ಟ್ಯ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಈ ಗುತ್ತಿಗೆ ಆರಂಭವಾಯಿತು. ಮಳೆಯನ್ನು ನಂಬಿ ಸೋತ ಒಡೆಯನಿಗೆ ಇದು ನೆಮ್ಮದಿಯ ಆದಾಯವೇ ಸರಿ. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕುತ್ತಿದ್ದ ಭೂಮಿಯಿಲ್ಲದ ಕೂಲಿಯವನಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲವೆಂಬುದನ್ನೂ ಮರೆಯಲಾಗದು.

ಹಗರಿಯ ಮರಳು

ಕಲ್ಯಾಣದುರ್ಗದ ಮೂಲಕ ರಾಯದುರ್ಗವನ್ನು ಸೇರಿದಾಗ, ಬೆಟ್ಟದ ನೆತ್ತಿಯ ಕೋಟೆಗಿಂತ ಮೊದಲು ಕಿವಿಗೆ ಬೀಳುವುದು ಕನ್ನಡದ ನುಡಿ. 1800ರಲ್ಲಿ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಸೀಮೆಯಿದು. ಹಿಂದೆ ಬಳ್ಳಾರಿ ಜಿಲ್ಲೆಗೇ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಬಳ್ಳಾರಿ ಮೈಸೂರಿಗೆ ಬಂದಿತು. ಗಡಿಯ ಗೆರೆ ಹೊಲಗಳ ನಡುವೆ ಬಿದ್ದರೂ ನಂಟಸ್ತಿಕೆ ಗೆರೆಯ ಎರಡೂ ಕಡೆ ಹಾಗೆಯೇ ಉಳಿದಿದೆ.

ರಾಯದುರ್ಗದ ಉತ್ತರಕ್ಕೆ ಕಣೇಕಲ್ಲು, ಬೊಮ್ಮನಹಾಳುಗಳ ಕಡೆ ನಡೆದರೆ ಮರಳು ಮೊದಲಾಗುತ್ತದೆ. ಮೊದಲು ರಸ್ತೆಯ ಅಂಚಿನಲ್ಲಿ ಒಂದು ತೆಳುವಾದ ಪದರ, ಆಮೇಲೆ ಬೇಲಿಯ ಬುಡದಲ್ಲಿ ರಾಶಿ, ಕಡೆಗೆ ಅಲೆಯಲೆಯಾಗಿ ಎದ್ದ ದಿಬ್ಬಗಳು. ಸಂಜೆಯ ಓರೆಬಿಸಿಲಿನಲ್ಲಿ ಈ ನೋಟ ಮನೋಹರವೇ. ಆದರೆ ಆ ಮರಳಿನ ಕೆಳಗಿರುವುದು ಒಂದು ಕಾಲಕ್ಕೆ ಉತ್ತು ಬಿತ್ತಿದ ನೆಲ.

ಈ ಮರಳು ಬಂದದ್ದು ಹಗರಿಯಿಂದ. ಬಾಬಾಬುಡನ್ ಗಿರಿಯಲ್ಲಿ ಹುಟ್ಟುವ ವೇದಾ, ಅವತಿ ಎಂಬ ತೊರೆಗಳು ಕೂಡಿ ವೇದಾವತಿಯಾಗಿ, ಬಯಲಿಗಿಳಿದ ಮೇಲೆ ಹಗರಿಯೆನಿಸುತ್ತದೆ. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರವೂ, ಅದರ ಕೆಳಗೆ ಭೈರವಾನಿತಿಪ್ಪೆಯ ಅಣೆಕಟ್ಟೂ ನೀರನ್ನು ತಡೆದು ಮೇಲಿನ ಊರುಗಳನ್ನು ಸಲಹಿದವು. ಮಳೆಯೂ ಕಡಮೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿದ ಮೇಲೆ ಪುನಃ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಬಳಿಕ! ಹೀಗಾಗಿ ಕೆಳಗಿನ ಅಗಲವಾದ ನದೀಪಾತ್ರ ವರ್ಷದ ಬಹುಕಾಲ ಒಣಗಿದ ಮರಳಿನ ಹಾಸಾಗಿ ಬಿದ್ದಿರುತ್ತದೆ. ಆಷಾಢದ ಗಾಳಿ ಪಡುವಣದಿಂದ ಬೀಸತೊಡಗಿದಾಗ ಹರಳು ಹರಳಾಗಿ ಮರಳು ಪುಟಿಯುತ್ತ ನೆಲವನ್ನು ಸವರಿಕೊಂಡು ಸಾಗುತ್ತದೆ. ಪೊದೆಯೋ ಬದುವೋ ಅಡ್ಡ ಬಂದಲ್ಲಿ ತಂಗಿ ಗುಡ್ಡೆಯಾಗುತ್ತದೆ. ಗಾಳಿಯ ಕಡೆ ಇಳಿಜಾರು ನಿಧಾನ, ಮರೆಯ ಕಡೆ ಕಡಿದು. ಗಾಳಿಯ ಕಡೆಯಿಂದ ಏರಿದ ಹರಳುಗಳು ಮರೆಯ ಕಡೆ ಉರುಳುತ್ತಿರುವುದರಿಂದ ದಿಬ್ಬವೇ ಮೂಡಣದ ಹೊಲಗಳತ್ತ ಅಡಿಯಿಡುತ್ತದೆ. ಗಾಳಿಗೆ ಅಡ್ಡಲಾಗಿ ಮರಗಳ ಸಾಲನ್ನು ಬೆಳೆಸುವುದು ಇದಕ್ಕೆ ಬಲ್ಲವರು ಹೇಳುವ ಮದ್ದು. ಸಸಿ ಬೇರೂರುವ ತನಕ ನೀರೆರೆಯುವುದೇ ಅದರ ಕಷ್ಟ.

ಇನ್ನೊಂದು ವಿಚಿತ್ರವುಂಟು. ಈ ದಿಬ್ಬಗಳಿಗೆ ಅನತಿದೂರದಲ್ಲಿಯೇ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಹರಿಯುತ್ತದೆ. ಅದರ ಆಸರೆಯಲ್ಲಿ ಬತ್ತದ ಗದ್ದೆಗಳು ಹಸುರಾಗಿ ತೂಗುತ್ತವೆ. ಒಂದೇ ಬಾನು, ಒಂದೇ ಬಿಸಿಲು. ಒಂದೆಡೆ ಗದ್ದೆ, ಇನ್ನೊಂದೆಡೆ ಮರಳು. ಇದು ಹವೆಯಿಂದಲೇ ಆದ ಮರುಭೂಮಿಯಲ್ಲವೆಂಬುದಕ್ಕೆ ಬೇರೆ ಪುರಾವೆ ಬೇಡ. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಅಪಾರ ಜನ ಅಳಿದ ಸೀಮೆಯಿದು. ನೀರಿನ ಬೆಲೆ ಇಲ್ಲಿಯ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ.

ಹೋಗುವವರಿಗೆ

ಇಲ್ಲಿಂದ ಬಳ್ಳಾರಿಯ ಏಕಶಿಲಾ ಬೆಟ್ಟವೂ ಅದರ ಮೇಲಿನ ಕೋಟೆಯೂ ದೂರವಿಲ್ಲ. ಪ್ರವಾಸಕ್ಕೆ ಎರಡು ದಿನ ಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ನಸುಕಿನಲ್ಲಿ ಯಲಹಂಕವನ್ನು ಬಿಟ್ಟರೆ ಬಿಸಿಲೇರುವ ಮುನ್ನ ಲೇಪಾಕ್ಷಿ ನೋಡಬಹುದು. ತಂಗಲು ಹಿಂದೂಪುರ, ಬಳ್ಳಾರಿಗಳಲ್ಲಿ ಅನುಕೂಲವಿದೆ. ಪಾವಗಡದಿಂದಾಚೆ ಊರುಗಳು ವಿರಳವಾದ್ದರಿಂದ ಬುತ್ತಿಯನ್ನೂ ಸಾಕಷ್ಟು ನೀರನ್ನೂ ಜೊತೆಗೊಯ್ಯುವುದು ಲೇಸು. ಮರಳಿನ ದಿಬ್ಬಗಳ ಮೇಲೆ ವಾಹನವನ್ನು ಹತ್ತಿಸಬಾರದು. ನೆಟ್ಟ ಸಸಿಗಳನ್ನು ತುಳಿಯದಂತೆ ಮಕ್ಕಳಿಗೆ ತಿಳಿಹೇಳಬೇಕು.

ಹಗರಿಯ ಸಂಗತಿ ಬೆಂಗಳೂರಿಗೆ ದೂರದ್ದೆಂದು ಭಾವಿಸುವಂತಿಲ್ಲ. ಯಲಹಂಕದ ನೆರೆಯ ಹೆಸರಘಟ್ಟದ ಕೆರೆ 19ನೆಯ ಶತಮಾನದ ಕೊನೆಯಲ್ಲಿ ಇಡೀ ಬೆಂಗಳೂರಿಗೆ ನೀರುಣಿಸಲು ಹೊರಟಿತ್ತು. ಅದಕ್ಕೆ ನೀರು ತರುತ್ತಿದ್ದ ಅರ್ಕಾವತಿ ಸೊರಗಿ, ಮುಂದೆ ನಗರ ಕಾವೇರಿಗೆ ಕೈಯೊಡ್ಡಬೇಕಾಯಿತು. ಈಗ ಹೆಬ್ಬಾಳದ ಕೊಳಚೆ ನೀರು ಸಂಸ್ಕಾರ ಪಡೆದು, ಇದೇ ಬಳ್ಳಾರಿ ರಸ್ತೆಯ ದಿಕ್ಕಿನಲ್ಲಿ, ಚಿಕ್ಕಬಳ್ಳಾಪುರದ ಒಣಗಿದ ಕೆರೆಗಳನ್ನು ತುಂಬಲು ಹೋಗುತ್ತಿದೆ. ನೀರು ಉತ್ತರಕ್ಕೆ ಹೊರಟ ಹಾದಿಯಲ್ಲಿ ಒಮ್ಮೆ ಜನರೂ ಹೋಗಿಬರುವುದು ಒಳ್ಳೆಯದು. ಹಗರಿಯ ದಂಡೆಯಲ್ಲಿ ನಿಂತು ಬಂದವರು ಮನೆಯ ನಲ್ಲಿಯನ್ನು ಮೊದಲಿಗಿಂತ ಭದ್ರವಾಗಿ ತಿರುಗಿಸಿ ಮುಚ್ಚಿದರೆ, ಪ್ರವಾಸಕ್ಕೆ ಮಾಡಿದ ವೆಚ್ಚ ವ್ಯರ್ಥವಾಗದು.