ಜಾಹೀರಾತಿನ ಬೆಲೆ, ಬಿಲ್ಲಿನ ಬೆಲೆ

ದಸರಾ, ದೀಪಾವಳಿ ಹತ್ತಿರ ಬಂತೆಂದರೆ ದಿನಪತ್ರಿಕೆಗಳ ಪುಟಗಳು ಹೊಸ ಕಾರು, ಸ್ಕೂಟರುಗಳ ಜಾಹೀರಾತುಗಳಿಂದ ತುಂಬಿಹೋಗುತ್ತವೆ. ಹೆಬ್ಬೆರಳು ಗಾತ್ರದ ಅಂಕಿಗಳಲ್ಲಿ ಒಂದು ಬೆಲೆ, ಅದರ ಪಕ್ಕದಲ್ಲಿ ಸಣ್ಣದೊಂದು ನಕ್ಷತ್ರ ಚಿಹ್ನೆ, ಪುಟದ ಅಡಿಯಲ್ಲಿ ಇರುವೆ ಸಾಲಿನಂತಹ ಷರತ್ತುಗಳು. ಜಾಹೀರಾತು ಕನ್ನಡದಲ್ಲಿದ್ದರೂ ಆ ಸಾಲು ಎಷ್ಟೋ ಸಲ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಓದಿ ಹೇಳುವ ಕೆಲಸ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನದೋ ಮಗಳದೋ ಆಗುವುದರಿಂದ, ಅಲ್ಲಿ ಏನಿರುತ್ತದೆಂದು ನೀವು ತಿಳಿದಿರಬೇಕು.

ದೊಡ್ಡ ಅಕ್ಷರದ ಬೆಲೆ ಸಾಮಾನ್ಯವಾಗಿ 'ಎಕ್ಸ್ ಷೋರೂಮ್' ಬೆಲೆ. ಜಿ.ಎಸ್.ಟಿ. ಇದರಲ್ಲಿ ಸೇರಿರುತ್ತದೆ. ಆದರೆ ವಾಹನ ರಸ್ತೆಗಿಳಿಯಬೇಕಾದರೆ ಇದರ ಮೇಲೆ ಜೀವಿತಾವಧಿ ತೆರಿಗೆ, ನೋಂದಣಿ ಶುಲ್ಕ, ವಿಮೆ ಸೇರಬೇಕು. ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆಯನ್ನು ವಾಹನದ ಬೆಲೆಯ ಮೇಲೆ ಶೇಕಡಾವಾರು ಲೆಕ್ಕದಲ್ಲಿ ಹಾಕುತ್ತಾರೆ. ದುಬಾರಿ ಕಾರಿಗೆ ದರವೂ ಹೆಚ್ಚು. ಇವೆಲ್ಲ ಕಾನೂನಿನ ಖರ್ಚುಗಳು, ತಪ್ಪಿಸುವಂತಿಲ್ಲ. ಆದರೆ ಅದೇ ಪಟ್ಟಿಯಲ್ಲಿ 'ಹ್ಯಾಂಡ್ಲಿಂಗ್ ಚಾರ್ಜ್', 'ಆಕ್ಸೆಸರಿ ಕಿಟ್', 'ಹೆಚ್ಚುವರಿ ವಾರಂಟಿ' ಎಂಬ ಹೆಸರುಗಳೂ ನುಸುಳಿರುತ್ತವೆ. ಇವು ಸರ್ಕಾರಕ್ಕೆ ಹೋಗುವ ತೆರಿಗೆಗಳಲ್ಲ, ಬೇಡವೆಂದು ಹೇಳಬಹುದು. ವಿಮೆಯ ವಿಷಯವೂ ಹೀಗೆಯೇ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ, ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ ನಿಜ. ಆದರೆ ಅದನ್ನು ಯಾವ ಕಂಪನಿಯಿಂದ ಪಡೆಯಬೇಕೆಂಬುದು ಕೊಳ್ಳುವವರ ಇಷ್ಟ.

ಹೆಚ್ಚು ಜನ ಎಡವುವುದು ಸಾಲದ ಲೆಕ್ಕದಲ್ಲಿ. ಸ್ಕೂಟರಿಗೆಂದು 1 ಲಕ್ಷ ರೂಪಾಯಿ ಸಾಲ, 3 ವರ್ಷದ ಅವಧಿ, 'ಕೇವಲ ಶೇ. 10 ಬಡ್ಡಿ' ಎಂದಿಟ್ಟುಕೊಳ್ಳಿ. ಇದು 'ಫ್ಲಾಟ್' ದರವಾಗಿದ್ದರೆ ವರ್ಷಕ್ಕೆ 10 ಸಾವಿರದಂತೆ ಬಡ್ಡಿ 30 ಸಾವಿರ; ತಿಂಗಳ ಕಂತು ಸುಮಾರು 3,611 ರೂ. ಪ್ರತಿ ತಿಂಗಳೂ ನೀವು ಅಸಲಿನ ಒಂದು ಪಾಲನ್ನು ತೀರಿಸುತ್ತಿದ್ದರೂ ಬಡ್ಡಿ ಮಾತ್ರ ಕೊನೆಯವರೆಗೆ ಪೂರ್ತಿ 1 ಲಕ್ಷದ ಮೇಲೆಯೇ ಬೀಳುತ್ತದೆ. ಉಳಿದ ಬಾಕಿಗೆ ಮಾತ್ರ ಅದೇ ಶೇ. 10ರಂತೆ ಬಡ್ಡಿ ಹಾಕಿದರೆ ಕಂತು ಸುಮಾರು 3,227 ರೂ., ಒಟ್ಟು ಬಡ್ಡಿ ಸುಮಾರು 16 ಸಾವಿರ. ಅಂದರೆ ಫ್ಲಾಟ್ ಶೇ. 10 ಎಂಬುದು ನಿಜವಾಗಿ ಶೇ. 18ರ ಹತ್ತಿರದ ಬಡ್ಡಿ! ನಡುವಿನ 14 ಸಾವಿರ ರೂಪಾಯಿ ಎಷ್ಟೋ ಮನೆಗಳಲ್ಲಿ ಒಂದು ತಿಂಗಳ ದುಡಿಮೆ. 'ಶೂನ್ಯ ಬಡ್ಡಿ' ಎಂಬ ಆಮಿಷದ ಬಗ್ಗೆಯಂತೂ ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಬರೆದು, ಅಂತಹ ಬಡ್ಡಿಯೇ ಇಲ್ಲವೆಂದು ಹೇಳಿದೆ. ಬಡ್ಡಿಯನ್ನು ಸಂಸ್ಕರಣಾ ಶುಲ್ಕದಲ್ಲೋ, ಕೊಡದೆ ಉಳಿಸಿಕೊಂಡ ರಿಯಾಯಿತಿಯಲ್ಲೋ ವಸೂಲು ಮಾಡಿರುತ್ತಾರೆ.

ಇನ್ನು ಮೈಲೇಜು. ಕಾರುಗಳ ಅಧಿಕೃತ ಅಂಕಿ ಬರುವುದು ಪ್ರಯೋಗಾಲಯದ ಉರುಳೆಗಳ ಮೇಲೆ, ಗೊತ್ತುಪಡಿಸಿದ ವೇಗಗಳಲ್ಲಿ ಓಡಿಸಿದಾಗ. ಅಲ್ಲಿ ಸಿಲ್ಕ್ ಬೋರ್ಡ್ ವೃತ್ತದ ನೂಕುನುಗ್ಗಲೂ ಇಲ್ಲ, ಚಾರ್ಮಾಡಿ ಘಾಟಿಯ ಏರೂ ಇಲ್ಲ. ಸ್ವಲ್ಪ ವ್ಯತ್ಯಾಸ ಸಹಜವೇ, ಆದರೆ ಎಷ್ಟು? ಕೇರಳದ ಮಹಿಳೆಯೊಬ್ಬರು 2014ರಲ್ಲಿ ಫೋರ್ಡ್ ಕ್ಲಾಸಿಕ್ ಡೀಸೆಲ್ ಕಾರು ಕೊಂಡಿದ್ದರು. ಲೀಟರಿಗೆ 32 ಕಿ.ಮೀ. ಎಂದು ಪ್ರಚಾರವಾಗಿದ್ದ ಆ ಕಾರು ತಜ್ಞರ ಪರೀಕ್ಷೆಯಲ್ಲಿ 20 ಕಿ.ಮೀ. ಕೂಡ ಕೊಡಲಿಲ್ಲ. 2022ರಲ್ಲಿ ತ್ರಿಶೂರಿನ ಗ್ರಾಹಕ ಆಯೋಗ ಅವರಿಗೆ ಸುಮಾರು 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಅದೇ 2022ರಲ್ಲಿ ಕೇಂದ್ರ ಸರ್ಕಾರ ದಾರಿ ತಪ್ಪಿಸುವ ಜಾಹೀರಾತುಗಳ ತಡೆಗೆ ಮಾರ್ಗಸೂಚಿಗಳನ್ನು ಹೊರಡಿಸಿದೆ. ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿ, ಎದ್ದು ಕಾಣುವಂತೆ ಇರಬೇಕು. ಅಗ್ಗದ ಮಾದರಿಯ ಬೆಲೆ ತೋರಿಸಿ ಕರೆದು, 'ಅದು ಸ್ಟಾಕಿಲ್ಲ, ಇದು ತೊಗೊಳ್ಳಿ ಸಾರ್' ಎಂದು ದುಬಾರಿಯದನ್ನು ಹೊರಿಸುವ ಗಾಳದ ಜಾಹೀರಾತಿಗೂ ಅದರಲ್ಲಿ ಕಡಿವಾಣವಿದೆ. ತಪ್ಪಿದರೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಪತ್ರಿಕೆ ತೆರೆದರೆ ಇರುವೆ ಸಾಲುಗಳಂತೂ ಇನ್ನೂ ಮಾಯವಾಗಿಲ್ಲ.

ಹಾಗಾಗಿ ಮುಂಗಡ ಕೊಡುವ ಮೊದಲು ಒಂದೊಂದು ಬಾಬತ್ತನ್ನೂ ಬಿಡಿಸಿ ಬರೆದ, ಸಹಿ ಮುದ್ರೆಯುಳ್ಳ ಆನ್ ರೋಡ್ ಕೊಟೇಷನ್ ಕೇಳಿ. ಬುಕಿಂಗ್ ರದ್ದಾದರೆ ಎಷ್ಟು ಹಣ ವಾಪಸು ಎಂಬುದನ್ನು ರಸೀದಿಯಲ್ಲೇ ಬರೆಸಿ. ವರ್ಷಾಂತ್ಯದ ಭಾರಿ ರಿಯಾಯಿತಿಯಾದರೆ ವಾಹನ ತಯಾರಾದ ತಿಂಗಳು, ವರ್ಷವನ್ನು ಮಾರಾಟ ಪ್ರಮಾಣಪತ್ರವಾದ ಫಾರಂ 21ರಲ್ಲಿ ನೋಡಿ. ಕತ್ತರಿಸಿದ ಜಾಹೀರಾತು, ಬ್ರೋಷರು, ರಸೀದಿ ಎಲ್ಲ ಒಂದೇ ಫೈಲಿನಲ್ಲಿರಲಿ. ತಕರಾರು ಬಂದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ 2 ವರ್ಷದೊಳಗೆ ನಿಮ್ಮದೇ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ.